ವಣಿಜನಿಗೆ ವ್ರತದ ಪಾಠ: ಶ್ರಾವಕಾಚಾರದಿಂದ ಅಹಮದಾಬಾದಿನವರೆಗೆ

ಕಲ್ಪವೃಕ್ಷಗಳು ಕ್ಷೀಣಿಸಿ ಪ್ರಜೆಗಳು ಕಂಗಾಲಾದಾಗ ಆದಿನಾಥಸ್ವಾಮಿಯು ಅವರಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಆರು ಜೀವನೋಪಾಯಗಳನ್ನು ಉಪದೇಶಿಸಿದ ವೃತ್ತಾಂತವು ಜಿನಸೇನಾಚಾರ್ಯರ ಆದಿಪುರಾಣವನ್ನು ಬಲ್ಲವರಿಗೆಲ್ಲ ಪರಿಚಿತವಾದದ್ದು. ವ್ಯಾಪಾರವೂ ಕಲಿಸಬೇಕಾದ ವಿದ್ಯೆ, ಅದನ್ನು ಕಲಿಸುವ ಹೊಣೆ ಲೋಕಗುರುವಿಗೂ ಸಲ್ಲತಕ್ಕದ್ದು ಎಂಬುದು ಇದರಿಂದ ಸಿದ್ಧವಾಗುತ್ತದೆ. ಈಗ ಸಮಾಜಕ್ಕೂ ಪರಿಸರಕ್ಕೂ ಹೊಣೆಯುಳ್ಳ ಉದ್ಯಮವನ್ನು ನಡೆಸುವುದು ಹೇಗೆಂದು ಕಲಿಸುವ ತರಬೇತಿಗಳು ನಗರನಗರಗಳಲ್ಲಿಯೂ ನಡೆಯುತ್ತಿವೆ. ಅಂತಹದೊಂದು ಪ್ರಮಾಣಪತ್ರವನ್ನು ಪಡೆದ ತರುಣನೊಬ್ಬನು ಮದುವೆಯ ಮನೆಯಲ್ಲಿ ಭೇಟಿಯಾಗಿ, ‘ಇದು ಹೊಸ ಶಾಸ್ತ್ರ, ನಮ್ಮ ಹಿರಿಯರಿಗೆ ಇದರ ಕಲ್ಪನೆ ಇರಲಿಲ್ಲ’ ಎಂದನು. ಆ ಮಾತೇ ಈ ಲೇಖನಕ್ಕೆ ನಿಮಿತ್ತವಾಯಿತು.

ನಮ್ಮ ಆಚಾರ್ಯರು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿದರು. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ಬಿಡಬೇಕು. ಉದ್ಯೋಗದಿಂದ ಆಗುವ ಹಿಂಸೆಯನ್ನು ಅವನು ಪೂರ್ಣವಾಗಿ ಬಿಡಲಾರ, ಆದರೆ ಅದನ್ನು ಅಳೆಯಬೇಕು, ಕುಗ್ಗಿಸಬೇಕು. ಹಾಗೆ ಅಳೆಯಲು ಕೊಟ್ಟ ಕೋಲೇ ಹದಿನೈದು ಕರ್ಮಾದಾನಗಳ ಪಟ್ಟಿ. ಶ್ವೇತಾಂಬರ ಆಗಮವಾದ ಉಪಾಸಕದಶಾದಲ್ಲಿ ವಾಣಿಜ್ಯಗ್ರಾಮದ ಆನಂದ ಶ್ರಾವಕನ ವ್ರತಗ್ರಹಣದ ಪ್ರಸಂಗದಲ್ಲಿ ಇದು ಬರುತ್ತದೆ. 12ನೆಯ ಶತಮಾನದಲ್ಲಿ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಇದನ್ನು ವಿಸ್ತರಿಸಿದರು.

ಆ ಪಟ್ಟಿಯನ್ನು ಇಂದಿನ ಕಣ್ಣಿನಿಂದ ಓದಿದರೆ ಬೆರಗಾಗುತ್ತದೆ. ಇದ್ದಿಲು ಸುಡುವುದು ಮತ್ತು ಆವಿಗೆಯ ಉದ್ಯೋಗಗಳು ಅಂಗಾರಕರ್ಮ. ಕಾಡು ಕಡಿದು ಮಾರುವುದು ವನಕರ್ಮ. ನೆಲವನ್ನು ಅಗೆಯುವುದು, ಕಲ್ಲು ಒಡೆಯುವುದು ಸ್ಫೋಟಕರ್ಮ. ಆನೆಯ ದಂತ, ಅರಗು, ವಿಷ ಇವುಗಳ ವ್ಯಾಪಾರ, ಮನುಷ್ಯರ ಹಾಗೂ ಪಶುಗಳ ಮಾರಾಟ, ಗಾಣಯಂತ್ರಗಳಲ್ಲಿ ಹಿಂಡುವ ಕೆಲಸ, ಕಾಡಿಗೆ ಬೆಂಕಿಯಿಡುವುದು, ಕೆರೆಸರೋವರಗಳನ್ನು ಬತ್ತಿಸುವುದು, ಎಲ್ಲವೂ ಅದರಲ್ಲಿ ನಿಷಿದ್ಧ. ಪರಿಸರವೆಂಬ ಪದವೇ ಬಳಕೆಗೆ ಬಾರದ ಕಾಲದಲ್ಲಿ ವ್ಯಾಪಾರಿಯ ಮಗನು ಲೆಕ್ಕ ಬರೆಯಲು ಕಲಿಯುವುದರೊಂದಿಗೆ ಇದನ್ನೂ ಕೇಳಿ ಬೆಳೆಯಬೇಕೆಂಬುದು ಶಾಸ್ತ್ರಕಾರರ ಅಪೇಕ್ಷೆಯಾಗಿತ್ತು.

ದಿಗಂಬರ ಪರಂಪರೆಯಲ್ಲಿ ಇದೇ ಪಟ್ಟಿಯನ್ನು ಎತ್ತಿಕೊಂಡವರು 13ನೆಯ ಶತಮಾನದ ಪಂಡಿತಪ್ರವರ ಆಶಾಧರರು. ಅವರು ಸ್ವತಃ ಗೃಹಸ್ಥರು, ಮಾಳವದಲ್ಲಿ ನೆಲೆಸಿದವರು. ಸಾಗಾರಧರ್ಮಾಮೃತದಲ್ಲಿ ಅವರು ಹದಿನೈದು ಖರಕರ್ಮಗಳನ್ನು ಹೆಸರಿಸುತ್ತಾರೆ. ಹೆಸರಿಸಿ, ಒಂದು ಅಪೂರ್ವವಾದ ಆಕ್ಷೇಪವನ್ನೂ ಎತ್ತುತ್ತಾರೆ. ಲೋಕದಲ್ಲಿ ಪಾಪಯುಕ್ತವಾದ ಉದ್ಯೋಗಗಳು ಎಣಿಕೆಗೆ ಸಿಗುವಂಥವಲ್ಲ, ಆದುದರಿಂದ ಹದಿನೈದೆಂದು ಎಣಿಸುವುದು ಸಮಂಜಸವಲ್ಲ; ತೀರ ಮಂದಬುದ್ಧಿಗಳಿಗೆ ತಿಳಿಸಲು ಬೇಕಾದರೆ ಹಾಗೆ ಹೇಳಬಹುದು ಎಂಬುದು ಅವರ ಅಭಿಪ್ರಾಯ. ಈ ಮಾತನ್ನು ನಮ್ಮ ಪ್ರವಚನಗಳಲ್ಲಿ ಕೇಳುವುದು ವಿರಳ. ಪಟ್ಟಿ ಕೈಯಲ್ಲಿದ್ದರೆ ನಿಶ್ಚಿಂತೆ: ಅದರೊಳಗೆ ನನ್ನ ಅಂಗಡಿಯ ಸರಕು ಇಲ್ಲ, ಆದುದರಿಂದ ನಾನು ನಿರ್ದೋಷಿ. ಆಶಾಧರರು ಕಸಿದುಕೊಂಡದ್ದು ಈ ನಿಶ್ಚಿಂತೆಯನ್ನೇ.

ಅದನ್ನು ನಾವು ಮತ್ತೆ ಸಂಪಾದಿಸಿಕೊಂಡೆವೆಂದು ಹೇಳದೆ ವಿಧಿಯಿಲ್ಲ. ಕಾಡು ಕಡಿಯದವನು ಕಡಿಯುವವನಿಗೆ ಸಾಲ ಕೊಟ್ಟನು. ಕಲ್ಲು ಒಡೆಯದವನು ಕಲ್ಲನ್ನು ಸಾಗಿಸಿ ಲಾಭ ಪಡೆದನು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರವನ್ನು ಹೊರಿಸುವುದನ್ನೂ ಅನ್ನಪಾನಗಳನ್ನು ತಡೆಯುವುದನ್ನೂ, ಅಚೌರ್ಯದ ಅತಿಚಾರಗಳಲ್ಲಿ ತೂಕ ಅಳತೆಗಳ ಮೋಸವನ್ನೂ ಕಲಬೆರಕೆಯನ್ನೂ ಹೇಳಿದೆ. ಎತ್ತಿನ ಬೆನ್ನಿನ ಭಾರವನ್ನು ನೋಡಿ ಮರುಗಿದವರಿಗೆ ಯಂತ್ರದ ಮುಂದೆ ನಿಂತ ಮನುಷ್ಯನ ಭಾರವು ಕಾಣಲು ಬಹಳ ಕಾಲ ಹಿಡಿಯಿತು.

ಅದು ಕಂಡದ್ದು ಅಹಮದಾಬಾದಿನ ಒಂದು ಜೈನ ಮನೆತನದಲ್ಲಿ. ಅನಸೂಯಾ ಸಾರಾಭಾಯಿ ಹುಟ್ಟಿದ್ದು 1885ರಲ್ಲಿ. ಬಾಲ್ಯದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು, ಬಾಲ್ಯವಿವಾಹದ ಕಷ್ಟವನ್ನೂ ಕಂಡವರು. 1912ರಲ್ಲಿ ವೈದ್ಯವಿದ್ಯೆಗೆಂದು ಇಂಗ್ಲೆಂಡಿಗೆ ಹೋದರು. ಪ್ರಾಣಿಗಳನ್ನು ಕೊಯ್ದು ಕಲಿಯುವುದು ತಮ್ಮ ಧರ್ಮಕ್ಕೆ ಒಗ್ಗದೆಂದು ಅದನ್ನು ಬಿಟ್ಟು ಲಂಡನ್ನಿನ ಅರ್ಥಶಾಸ್ತ್ರ ಶಾಲೆಯನ್ನು ಸೇರಿದರು. ಮರಳಿ ಬಂದ ಮೇಲೆ ಒಂದು ಬೆಳಿಗ್ಗೆ, ಮೂವತ್ತಾರು ಗಂಟೆಗಳ ಕಾಲ ಎಡೆಬಿಡದೆ ದುಡಿದು ಮನೆಗೆ ಹೋಗುತ್ತಿದ್ದ ಗಿರಣಿಯ ಹೆಂಗಸರನ್ನು ಕಂಡು ಅವರು ಕಾರ್ಮಿಕರ ಪಕ್ಷವನ್ನು ವಹಿಸಿದರು. ಕಾರ್ಮಿಕರು ಅವರನ್ನು ಕರೆದದ್ದು ಮೋಟಾಬೆನ್, ಅಂದರೆ ಅಕ್ಕ ಎಂದು.

1917ರ ಪ್ಲೇಗಿನ ಕಾಲದಲ್ಲಿ ಕೆಲಸಗಾರರು ಊರು ಬಿಡದಿರಲೆಂದು ಮಾಲೀಕರು ಹೆಚ್ಚುವರಿ ಭತ್ಯೆ ಕೊಟ್ಟಿದ್ದರು. ಪ್ಲೇಗು ಇಳಿದ ಮೇಲೆ ಅದನ್ನು ನಿಲ್ಲಿಸಹೊರಟರು. ಬೆಲೆಗಳು ಮಾತ್ರ ಇಳಿದಿರಲಿಲ್ಲ. ಮಾಲೀಕರು ಕೊಡುತ್ತೇವೆಂದದ್ದು ಶೇಕಡ 20ರಷ್ಟು ಏರಿಕೆ, ಗಾಂಧೀಜಿಯವರು ವಿಚಾರಿಸಿ ನ್ಯಾಯವೆಂದು ನಿಶ್ಚಯಿಸಿದ್ದು 35. 1918ರ ಫೆಬ್ರವರಿ 22ರಂದು ಗಿರಣಿಗಳ ಬಾಗಿಲು ಮುಚ್ಚಿತು. ಮಾಲೀಕರ ಮುಂದಾಳು ಅಂಬಾಲಾಲ ಸಾರಾಭಾಯಿ, ಅನಸೂಯಾಬೆನ್ ಅವರ ಒಡಹುಟ್ಟಿದ ತಮ್ಮ. ಕೋಚರಬಿನಲ್ಲಿದ್ದ ಗಾಂಧೀಜಿಯವರ ಆಶ್ರಮವು ಅಸ್ಪೃಶ್ಯ ಕುಟುಂಬವನ್ನು ಸೇರಿಸಿಕೊಂಡು ಹಣವಿಲ್ಲದೆ ತತ್ತರಿಸಿದಾಗ ಹೆಸರು ಹೇಳದೆ 13,000 ರೂಪಾಯಿಗಳನ್ನು ಕೊಟ್ಟು ಹೋದವರೂ ಇವರೇ. ದಾನದಲ್ಲಿ ಕೈ ಹಿಂದೆಗೆಯದ ಗೃಹಸ್ಥನು ಕೂಲಿಯ ಪ್ರಶ್ನೆಯಲ್ಲಿ ಕೈ ಬಿಗಿಹಿಡಿದನು. ದಾನಶೀಲರೆಂದು ಹೆಸರಾದ ನಮ್ಮ ಸಮಾಜದವರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು.

ಮಾರ್ಚ್ 15ರಂದು ಗಾಂಧೀಜಿ ಉಪವಾಸ ಹಿಡಿದರು, 18ರಂದು ಒಪ್ಪಂದವಾಯಿತು. ಆ ಉಪವಾಸವು ಮಾಲೀಕರ ಮೇಲೆ ಒತ್ತಡ ತಂದಿತೆಂಬ ದೋಷವನ್ನು ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ತಾವೇ ಒಪ್ಪಿಕೊಂಡಿದ್ದಾರೆ. ಉಪವಾಸವನ್ನು ತಪಸ್ಸೆಂದು ಬಲ್ಲ ನಮಗೆ ಆ ಸಂಕೋಚವು ಅರ್ಥವಾಗುವಂಥದ್ದು. ಮಧ್ಯಸ್ಥರಾದ ಆನಂದಶಂಕರ ಧ್ರುವರು ಕೊನೆಗೆ 35ನ್ನೇ ಎತ್ತಿಹಿಡಿದರು. 1920ರಲ್ಲಿ ಸ್ಥಾಪನೆಯಾದ ಕಾರ್ಮಿಕ ಸಂಘಕ್ಕೆ ಮಜೂರ್ ಮಹಾಜನ ಎಂಬ ಹೆಸರು ಬಂದಿತು. ಮಹಾಜನವೆಂಬುದು ಅದುವರೆಗೆ ಆ ಊರಿನ ವರ್ತಕಶ್ರೇಣಿಗಳ ಹೆಸರು. ಆ ಮಾನ್ಯತೆಯ ಪದವು ಮಗ್ಗದವರಿಗೂ ಸಂದಿತು.

ಅಂಬಾಲಾಲರ ಪುತ್ರ ವಿಕ್ರಮ ಸಾರಾಭಾಯಿ ಮತ್ತು ಇನ್ನೊಬ್ಬ ಜೈನ ಗಿರಣಿಯೊಡೆಯ ಕಸ್ತೂರಭಾಯಿ ಲಾಲಭಾಯಿಯವರ ಪ್ರಯತ್ನ, ಸರ್ಕಾರಗಳ ನೆರವು, ಹಾರ್ವರ್ಡಿನ ಸಹಯೋಗ ಇವುಗಳಿಂದ ಅದೇ ಊರಿನಲ್ಲಿ 1961ರ ಡಿಸೆಂಬರಿನಲ್ಲಿ ಭಾರತೀಯ ನಿರ್ವಹಣಾ ಸಂಸ್ಥೆ ಹುಟ್ಟಿತು. ಆನಂದಜಿ ಕಲ್ಯಾಣಜಿ ಪೇಢಿಯ ಅಧ್ಯಕ್ಷರಾಗಿ ಹಲವು ದಶಕ ತೀರ್ಥಗಳನ್ನು ಕಾಯ್ದ ಕಸ್ತೂರಭಾಯಿಯವರ ಹೆಸರನ್ನು ದೇವಸ್ಥಾನದ ವಿಶ್ವಸ್ತರಿಗೆ ಬೇರೆಯಾಗಿ ಪರಿಚಯಿಸಬೇಕಿಲ್ಲ.

ಮುಂದಿನ ಕಥೆಯೆಲ್ಲ ಉಜ್ಜ್ವಲವಲ್ಲ. ಅಹಮದಾಬಾದಿನ ಹಳೆಯ ಗಿರಣಿಗಳು 1980ರ ದಶಕದಿಂದ ಒಂದೊಂದಾಗಿ ಮುಚ್ಚಿದವು. ಕಾರ್ಖಾನೆಗಳ ಕೊಳೆನೀರಿನಿಂದ ಕೆಟ್ಟ ಸಬರಮತಿಯ ವಿಚಾರವನ್ನು 2021ರಲ್ಲಿ ಗುಜರಾತ್ ಹೈಕೋರ್ಟು ತಾನಾಗಿಯೇ ಕೈಗೆತ್ತಿಕೊಂಡಿತು. ಕೆರೆ ಬತ್ತಿಸಬಾರದೆಂದ ಪಟ್ಟಿಯಲ್ಲಿ ನದಿ ಕೆಡಿಸುವ ಮಾತಿಲ್ಲ. ಆಶಾಧರರ ಆಕ್ಷೇಪಕ್ಕೆ ಬೇರೆ ನಿದರ್ಶನ ಬೇಕೆ? ದೊಡ್ಡ ಕಂಪೆನಿಗಳು ಸರಾಸರಿ ಲಾಭದ ಶೇಕಡ 2ನ್ನು ಸಮಾಜಕ್ಕೆ ವ್ಯಯಿಸಬೇಕೆಂದು 2013ರ ಕಂಪೆನಿ ಕಾಯಿದೆ ವಿಧಿಸಿತು. ಮಿಕ್ಕ 98 ಹೇಗೆ ಬಂತೆಂಬುದನ್ನು ಆ ವಿಧಿ ಕೇಳುವುದಿಲ್ಲ.

ಆ ಪ್ರಶ್ನೆಯ ಸಮೀಪಕ್ಕೆ ಹೋದವರು ನಿರ್ವಹಣಾ ಸಂಸ್ಥೆಯ ಮೊದಲ ಪೂರ್ಣಾವಧಿ ನಿರ್ದೇಶಕರಾದ ರವಿ ಮಥಾಯಿ. ಅವರು ಜೈನರಲ್ಲ. ಪದವಿಯನ್ನು 1972ರಲ್ಲಿ ತಾವಾಗಿ ಬಿಟ್ಟುಕೊಟ್ಟು, 1975ರಲ್ಲಿ ಸಹೋದ್ಯೋಗಿಗಳೊಡನೆ ರಾಜಸ್ಥಾನದ ಅಜ್ಮೇರ್ ಜಿಲ್ಲೆಯ ಜವಾಜಾ ಎಂಬ ಬರಗಾಲದ ಸೀಮೆಗೆ ಹೋದರು. ರಾಷ್ಟ್ರೀಯ ವಿನ್ಯಾಸ ಸಂಸ್ಥೆಯವರೂ ಜೊತೆಗೂಡಿದರು. ಅಲ್ಲಿ ನೇಕಾರರೂ ಚರ್ಮದ ಕೆಲಸದವರೂ ಮಧ್ಯವರ್ತಿಗಳ ಹಂಗಿನಲ್ಲಿದ್ದರು. ಬೆಲೆ ಕಟ್ಟುವುದು, ಲೆಕ್ಕವಿಡುವುದು, ದೂರದ ಪೇಟೆಯೊಡನೆ ತಾವೇ ವ್ಯವಹರಿಸುವುದು ಇವುಗಳನ್ನು ಅವರು ಕಲಿತರು. ಪ್ರಾಧ್ಯಾಪಕರು ಕಲಿಸುತ್ತ ತಾವೂ ಕಲಿತರು.

ನಮ್ಮ ಪಟ್ಟಿಯ ಪ್ರಕಾರ ಪ್ರಾಣಿಗಳ ಅಂಗಗಳಿಂದ ನಡೆಯುವ ವ್ಯಾಪಾರವು ದಂತವಾಣಿಜ್ಯದೊಳಗೇ ಸೇರುತ್ತದೆ. ಚರ್ಮವನ್ನು ನಾವು ಮುಟ್ಟಲಿಲ್ಲ, ಅದು ಸರಿಯೇ. ಅದನ್ನು ಹದಮಾಡುವ ಮನೆಯಲ್ಲಿ ಸಂಜೆ ಒಲೆ ಉರಿಯುವುದೋ ಇಲ್ಲವೋ ಎಂದು ಕೇಳುವುದನ್ನೂ ಅದರೊಡನೆಯೇ ಬಿಟ್ಟೆವು. ಮಥಾಯಿಯವರು 1984ರಲ್ಲಿ ತೀರಿಕೊಂಡರು. ಜವಾಜಾದ ಕುಶಲಕರ್ಮಿಗಳು ಕಟ್ಟಿಕೊಂಡ ಒಕ್ಕೂಟವು ಅವರ ತರುವಾಯವೂ ತನ್ನ ಚೀಲಗಳನ್ನೂ ನೆಲಹಾಸುಗಳನ್ನೂ ತಾನೇ ಬೆಲೆಯಿಟ್ಟು ಮಾರುತ್ತ ಬಂದಿತು.