ನೀಲಗಿರಿಯ ಇಳಿಜಾರಿನಲ್ಲೊಂದು ಕಿವಿ

ಊಟಿ ಸಮೀಪದ ಮುತ್ತೊರೈ ಗುಡ್ಡದಲ್ಲಿ 530 ಮೀಟರ್ ಉದ್ದ, 30 ಮೀಟರ್ ಅಗಲದ ರೇಡಿಯೋ ದೂರದರ್ಶಕವಿದೆ. ನೋಡಿದ್ದೀರಾ? ನಿಮ್ಮ ಮನೆಯ ಪೆಟ್ಟಿಗೆಯಂತೆ ಅದೂ ಅಲೆ ಹಿಡಿಯುತ್ತದೆ. ಹಾಡು ಬರುವುದಿಲ್ಲ, ಅಷ್ಟೆ.

ಗೋವಿಂದ ಸ್ವರೂಪ್ ಮತ್ತು ಸಂಗಡಿಗರು ಅದನ್ನು ಕಟ್ಟಿ ಮುಗಿಸಿದ್ದು 1970ರಲ್ಲಿ. ಜಾಗ ಆರಿಸಿದ ಜಾಣ್ಮೆ ನೋಡಿ: ಊಟಿಯ ಅಕ್ಷಾಂಶ ಸುಮಾರು 11 ಡಿಗ್ರಿ, ಗುಡ್ಡದ ಉತ್ತರ–ದಕ್ಷಿಣ ಇಳಿಜಾರೂ ಅಷ್ಟೇ. ಹೀಗಾಗಿ ದೂರದರ್ಶಕದ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರ. ಒಂದೇ ದಿಕ್ಕಿಗೆ ಹೊರಳಿಸುತ್ತ ಹೋದರೆ ಆಕಾಶಕಾಯವನ್ನು ಒಂಬತ್ತೂವರೆ ಗಂಟೆ ಹಿಂಬಾಲಿಸಬಹುದು.

ವಿಶ್ವ ಸದಾ ಹೀಗೆಯೇ ಇತ್ತೇ, ಬದಲಾಗುತ್ತ ಬಂದಿದೆಯೇ ಎಂಬ ವಾದ ಆಗ ಬಿರುಸಾಗಿತ್ತು. ಚಂದ್ರ ಅಡ್ಡಬಂದು ದೂರದ ಗೆಲಾಕ್ಸಿಯ ಅಲೆಗಳನ್ನು ಮರೆಮಾಡುವುದನ್ನು ಹಿಡಿದು ಇವರು ಅದರ ಗಾತ್ರ ಅಳೆದರು. ಮಂಕಾದಷ್ಟೂ ಅವು ಕಿರಿದಾಗಿ ಕಂಡವು. 1975ರಲ್ಲಿ ಪ್ರಕಟವಾದ ಆ ಅಳತೆಗಳು ‘ಬದಲಾಗಿದೆ’ ಎಂದವರ ಕಡೆಗೇ ವಾಲಿದವು.