ಮನಸ್ಸಿನ ಗಣನೆ: ಹಾಸನ ಸೀಮೆಯಿಂದ ನೋಡಿದ ಒಂದು ಇತಿಹಾಸ

ವಿಶ್ವವಿದ್ಯಾನಿಲಯಗಳಲ್ಲಿ ಈಚೆಗೆ ಹೊಸದೊಂದು ಸಂಶೋಧನಾ ಹುದ್ದೆ ಕಾಣಿಸಿಕೊಂಡಿದೆ. ಅದು ಗಣನಾತ್ಮಕ ಮನೋವೈದ್ಯದ ಹುದ್ದೆ. ಅದನ್ನು ವಹಿಸಿಕೊಂಡವರು ವೈದ್ಯರೇ ಆಗಿರಬೇಕೆಂಬ ನಿಯಮವಿಲ್ಲ. ಗಣಿತಜ್ಞರೂ ಇಂಜಿನಿಯರುಗಳೂ ಆಗಿರಬಹುದು. ರೋಗಿಯ ಮೆದುಳಿನ ಚಿತ್ರಗಳನ್ನು ಅಂಕಿಗಳಾಗಿ ಮಾರ್ಪಡಿಸಿ, ಅವುಗಳಲ್ಲಿ ರೋಗದ ಜಾಡನ್ನು ಗಣಕಯಂತ್ರದಿಂದ ಹುಡುಕುವುದು ಅವರ ಕಾರ್ಯ. ೨೦೧೨ರ ಸುಮಾರಿಗೆ ಪಶ್ಚಿಮದ ವಿದ್ವತ್ಪತ್ರಿಕೆಗಳಲ್ಲಿ ಈ ಹೆಸರು ನೆಲೆಗೊಂಡಿತು. ಹೆಸರು ಹೊಸದಾದರೂ ಅದರ ಹಿಂದಿರುವ ಎರಡು ಆಸೆಗಳು, ಎಂದರೆ ಮನಸ್ಸನ್ನು ಅಳೆಯುವುದು ಮತ್ತು ಮೆದುಳನ್ನು ಕಣ್ಣಾರೆ ಕಾಣುವುದು, ಕನ್ನಡನಾಡಿಗೆ ಹೊಸವಲ್ಲ. ಆ ಇತಿಹಾಸವನ್ನು ಬೆಂಗಳೂರಿನಲ್ಲಿ ನಿಂತು ನೋಡುವ ಬದಲು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಯಿಂದ ನೋಡುವುದು ಈ ಲೇಖನದ ಉದ್ದೇಶ. ಹಾಗೆ ನೋಡಿದರೆ, ಯಂತ್ರ ಯಾವುದೆಂಬುದಕ್ಕಿಂತ ಯಂತ್ರದ ಬಳಿಗೆ ಯಾರು ತಲುಪಿದರೆಂಬ ಪ್ರಶ್ನೆಯೇ ದೊಡ್ಡದೆಂದು ನಮಗೆ ತೋರುತ್ತದೆ.

ಅಳೆಯುವ ಆಸೆಯನ್ನು ಮೊದಲು ನೋಡೋಣ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ೧೯೨೪ರಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ನರ ಬಳಿ ಕಲಿತವರು. (೧೯೩೫ರಲ್ಲಿ ಮೈಸೂರಿನಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದವರೆಂದು ಜನ ಅವರನ್ನು ಇಂದಿಗೂ ನೆನೆಯುತ್ತಾರೆ, ಮನಶ್ಶಾಸ್ತ್ರಜ್ಞರೆಂದು ನೆನೆಯುವವರು ಕಡಿಮೆ.) ಸ್ಪಿಯರ್‌ಮನ್ನರು ೧೯೦೪ರಲ್ಲಿ, ಬೇರೆಬೇರೆ ಪರೀಕ್ಷೆಗಳಲ್ಲಿ ಮಕ್ಕಳು ಪಡೆದ ಅಂಕಗಳ ಪರಸ್ಪರ ಸಂಬಂಧವನ್ನು ಲೆಕ್ಕಹಾಕಿ, ಅವೆಲ್ಲದರ ಹಿಂದೆ ಕಣ್ಣಿಗೆ ಬೀಳದ ಒಂದು ಸಾಮಾನ್ಯಾಂಶವಿದೆಯೆಂದು ವಾದಿಸಿದ್ದರು. ಕಾಣುವ ಅಂಕಿಗಳಿಂದ ಕಾಣದ ಕಾರಣವನ್ನು ಊಹಿಸುವ ಈ ಕ್ರಮವೇ ಇಂದಿನ ಹೊಸ ಶಾಸ್ತ್ರದ ಬೆನ್ನೆಲುಬು.

ಚಿಕಿತ್ಸೆಯ ಕಥೆ ಬೆಂಗಳೂರಿನದು. ಕಬ್ಬನ್ನರ ಆಡಳಿತಕಾಲದಲ್ಲಿ, ೧೮೪೦ರ ದಶಕದ ಕೊನೆಗೆ, ಅಲ್ಲಿ ಹುಚ್ಚಾಸ್ಪತ್ರೆಯೊಂದು ಸ್ಥಾಪಿತವಾಯಿತು. ೧೯೨೫ರಲ್ಲಿ ಅದು ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯೆಂಬ ಹೆಸರನ್ನು ಪಡೆಯಿತು. ೧೯೩೦ರ ದಶಕದಲ್ಲಿ ಹೊಸೂರು ರಸ್ತೆಯ ಈಗಿನ ಆವರಣಕ್ಕೆ ಬಂದಿತು. ಹೇಮಾವತಿಯ ದಡದ ಊರುಗಳಿಂದ ರೋಗಿಯೊಬ್ಬನನ್ನು ಅಲ್ಲಿಗೆ ಕರೆದೊಯ್ಯುವುದು ಸುಲಭದ ಮಾತಾಗಿರಲಿಲ್ಲ. ಮೈಸೂರು–ಅರಸೀಕೆರೆ ರೈಲುಮಾರ್ಗವು ೧೯೧೮ರ ಸುಮಾರಿಗೆ ಹೊಳೆನರಸೀಪುರ, ಹಾಸನಗಳನ್ನು ಮುಟ್ಟಿತಾದರೂ, ಬೆಂಗಳೂರಿಗೆ ರೈಲಿನಲ್ಲಿ ಹೋಗುವವರು ಮೈಸೂರನ್ನೋ ಅರಸೀಕೆರೆಯನ್ನೋ ಸುತ್ತಬೇಕಾಗಿತ್ತು. ಚನ್ನರಾಯಪಟ್ಟಣದ ಮೇಲೆ ಹಾಯುವ ಹಾಸನ–ಬೆಂಗಳೂರು ನೇರ ಮಾರ್ಗ ಪೂರ್ಣಗೊಂಡದ್ದು ೨೦೧೭ರಲ್ಲಿ. ಅರಕಲಗೂಡಿಗೆ ರೈಲು ಬಂದೇ ಇಲ್ಲ. ಆದುದರಿಂದ ಆಸ್ಪತ್ರೆಯ ದಾಖಲೆ ಪುಸ್ತಕವನ್ನು ಸಂಸ್ಥಾನದ ಮನೋರೋಗಗಳ ಗಣತಿಯೆಂದು ಓದುವ ಇತಿಹಾಸಕಾರನು ಎಡವುತ್ತಾನೆ. ಅದು ದಾರಿಯ ಗಣತಿ, ದುಡ್ಡಿನ ಗಣತಿ. ಮನೆಯವರ ಸಹನೆ ಮುಗಿದ ಗಳಿಗೆಯ ಗಣತಿ.

ಮೆದುಳಿನ ಆಸೆಗೆ ಒಂದು ಕಹಿ ಅಧ್ಯಾಯವೂ ಉಂಟು. ಪೋರ್ಚುಗಲ್ಲಿನ ಎಗಾಸ್ ಮೋನಿಜ್ ೧೯೩೫ರಲ್ಲಿ ಆರಂಭಿಸಿದ, ಮೆದುಳಿನ ಮುಂಭಾಗದ ತಂತುಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆ ಒಂದು ದಶಕದೊಳಗೆ ಬೆಂಗಳೂರನ್ನು ತಲುಪಿತು. ಆಸ್ಪತ್ರೆಯ ಎಂ. ವಿ. ಗೋವಿಂದಸ್ವಾಮಿಯವರೂ ಶಸ್ತ್ರವೈದ್ಯ ಬಾಲಕೃಷ್ಣರಾಯರೂ ೧೯೪೪ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಈ ಕುರಿತು ಬರೆದರು. ಇದನ್ನು ಸಾಧನೆಯೆಂದು ಹೊಗಳಿ ಮುಂದೆ ಸಾಗುವ ಬರಹಗಳನ್ನು ನಾವು ಒಪ್ಪಲಾರೆವು. ಜೀವಂತ ಮೆದುಳನ್ನು ನೋಡುವ ಸಾಧನಗಳು ಆಗ ತೀರ ಒರಟಾಗಿದ್ದವು. ಕಣ್ಣಿಗಿಂತ ಕತ್ತಿ ಮುಂದೆ ನಡೆಯಿತು. ೧೯೫೦ರ ದಶಕದಲ್ಲಿ ಕ್ಲೋರ್‌ಪ್ರೊಮಜೀನ್ ಔಷಧ ಬಂದ ಬಳಿಕ ಈ ಚಿಕಿತ್ಸೆ ಹಿಂದೆ ಸರಿಯಿತು. ಗೋವಿಂದಸ್ವಾಮಿಯವರ ನಿಜವಾದ ಹಿರಿಮೆ ಬೇರೆಡೆ ಇದೆ. ೧೯೫೪ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಅಲ್ಲಿ ಆರಂಭವಾದಾಗ ಅವರೇ ಅದರ ಮೊದಲ ನಿರ್ದೇಶಕರು. ಅಲ್ಲಿ ವೈದ್ಯರ ಜೊತೆಜೊತೆಗೆ ಮನಶ್ಶಾಸ್ತ್ರಜ್ಞರಿಗೂ ತರಬೇತಿ ದೊರೆಯಿತು. ವೈದ್ಯರಲ್ಲದ ವಿದ್ವಾಂಸರಿಗೆ ರೋಗಿಯ ಬಳಿ ದೊರೆತ ಈ ಸ್ಥಾನವೇ ಇಂದಿನ ಹುದ್ದೆಯ ಪೂರ್ವಜ. ೧೯೭೪ರಲ್ಲಿ ಆಸ್ಪತ್ರೆ, ಸಂಸ್ಥೆಗಳೆರಡೂ ಕೂಡಿ ನಿಮ್ಹಾನ್ಸ್ ಆದವು.

ಕಣ್ಣು ಬಂದದ್ದು ಆಮೇಲೆ. ೧೯೭೧ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಹೌನ್ಸ್‌ಫೀಲ್ಡರ ಸಿ.ಟಿ. ಯಂತ್ರ ಮೊದಲ ರೋಗಿಯ ಮೆದುಳನ್ನು ಚಿತ್ರಿಸಿತು. ೧೯೭೬ರಲ್ಲಿ, ಸ್ಕಿಜೋಫ್ರೇನಿಯ ಇದ್ದ ಕೆಲವರಲ್ಲಿ ಮೆದುಳಿನೊಳಗಿನ ಕುಹರಗಳು ಹಿಗ್ಗಿರುವುದನ್ನು ಅದೇ ಬಗೆಯ ಚಿತ್ರಗಳಿಂದ ಕಂಡರು. ೧೯೯೦ರಲ್ಲಿ ಒಗಾವಾ ಮತ್ತು ಸಂಗಡಿಗರು ರಕ್ತದ ಆಮ್ಲಜನಕದ ಏರಿಳಿತವನ್ನು ಎಂ.ಆರ್.ಐ. ಚಿತ್ರದಲ್ಲಿ ಗುರುತಿಸಬಹುದೆಂದು ತೋರಿಸಿದರು. ಕೆಲಸಮಾಡುತ್ತಿರುವ ಮೆದುಳನ್ನು ನೋಡುವ ದಾರಿ ಹೀಗೆ ತೆರೆಯಿತು. ಆದರೆ ಹತ್ತಿಪ್ಪತ್ತು ಜನರ ಚಿತ್ರಗಳಿಂದ ಎಳೆದ ತೀರ್ಮಾನಗಳು ಮತ್ತೆ ಮತ್ತೆ ಕುಸಿದವು. ಮೆದುಳಿನ ರಚನೆಗೂ ನಡವಳಿಕೆಗೂ ಇರುವ ಸಂಬಂಧವನ್ನು ನಂಬುವಂತೆ ಹೇಳಬೇಕಾದರೆ ಸಾವಿರಾರು ಜನರು ಬೇಕೆಂದು ೨೦೨೨ರಲ್ಲಿ ‘ನೇಚರ್’ ಪತ್ರಿಕೆಯ ಅಧ್ಯಯನವೊಂದು ಎಚ್ಚರಿಸಿತು.

ಯಾವ ಸಾವಿರಾರು ಜನರು? ಪ್ರಕಟವಾದ ಚಿತ್ರಗಳಲ್ಲಿ ಹೆಚ್ಚಿನವು ಯೂರೋಪು, ಅಮೆರಿಕಗಳ ಜನರವು. ಈ ಕೊರತೆಯನ್ನು ತುಂಬುವ ಯತ್ನಗಳು ನಮ್ಮಲ್ಲಿ ನಡೆದಿವೆ. ನಿಮ್ಹಾನ್ಸ್, ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಮೊದಲಾದ ಏಳು ಕೇಂದ್ರಗಳು ಕೂಡಿ ನಡೆಸಿದ ಸಿ-ವೇದ ಅಧ್ಯಯನವು ೬ರಿಂದ ೨೩ ವಯಸ್ಸಿನ ಸುಮಾರು ೯,೦೦೦ ಮಂದಿಯನ್ನು ಒಳಗೊಂಡಿತು; ಮೆದುಳಿನ ಚಿತ್ರ ತೆಗೆದದ್ದು ಅವರಲ್ಲಿ ಒಂದು ಪಾಲಿಗೆ ಮಾತ್ರ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ೪೫ ವರ್ಷ ಮುಟ್ಟಿದ ೧೦,೦೦೦ ಗ್ರಾಮೀಣರನ್ನು ದೀರ್ಘಕಾಲ ಗಮನಿಸುವ ಗುರಿಯುಳ್ಳ ಅಧ್ಯಯನವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರ ಕೈಗೊಂಡಿದೆ. ತಾಲ್ಲೂಕೊಂದನ್ನೇ ಪ್ರಯೋಗಶಾಲೆಯ ಬಾಗಿಲಿಗೆ ತಂದ ಈ ಕ್ರಮವನ್ನು ನಾವು ಮಿಕ್ಕೆಲ್ಲಕ್ಕಿಂತ ಮಿಗಿಲೆಂದು ಎಣಿಸುತ್ತೇವೆ.

ಹಾಸನ ಸೀಮೆಯಲ್ಲಿಯೂ ದಾರಿ ಕೊಂಚ ಕಿರಿದಾಗಿದೆ. ಹಾಸನದಲ್ಲಿ ೨೦೦೬ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ೨೦೧೪ರಲ್ಲಿ ರಾಜ್ಯ ಸರ್ಕಾರ ತಂದ ‘ಮನೋಚೈತನ್ಯ’ ಯೋಜನೆಯ ಉದ್ದೇಶ, ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೇ ಮನೋವೈದ್ಯರನ್ನು ಕಳುಹಿಸುವುದು. ಅಲ್ಲಿ ರೋಗ ಬರುವುದು ಅಂಕಿಯ ರೂಪದಲ್ಲಲ್ಲ, ಮಾತಿನ ರೂಪದಲ್ಲಿ: ಎದೆ ಭಾರ, ತಲೆ ಉರಿ, ಗಾಳಿ ಸೋಕು. ಅರಕಲಗೂಡಿನ ಕಡೆಯ ರೈತನೊಬ್ಬ ವಯಸ್ಸಾದ ತಾಯಿಯನ್ನು ಕರೆತಂದು, “ನಮ್ಮವ್ವಂಗೆ ಮಂಕು ಕವ್ಕೊಂಡೈತೆ, ಸ್ವಾಮಿ” ಎನ್ನುತ್ತಾನೆಂದು ಭಾವಿಸೋಣ. ‘ಮಂಕು’ ಎಂಬುದು ದುಃಖವಾಗಿರಬಹುದು, ಮರೆವಾಗಿರಬಹುದು, ಎರಡೂ ಆಗಿರಬಹುದು. ಸಂಶೋಧಕರ ಪಟ್ಟಿಯಲ್ಲಿ ಖಿನ್ನತೆಗೊಂದು ಕಾಲಮು, ಮರೆಗುಳಿತನಕ್ಕೊಂದು ಕಾಲಮು. ಅವರು ಊರಿಗೆ ಹಿಂದಿರುಗುವ ಬಸ್ಸಿನ ಹೊತ್ತಾಗುವ ಮುನ್ನ ವೈದ್ಯರು ಎರಡರಲ್ಲೊಂದನ್ನು ಗುರುತಿಸಬೇಕು. ಮುಂದೆ ಗಣಕಯಂತ್ರವನ್ನು ತಲುಪುವುದು ಆ ಗುರುತು. ಮಗನಾಡಿದ ಮಾತು ತಾಲ್ಲೂಕು ಆಸ್ಪತ್ರೆಯ ಬೆಂಚಿನ ಮೇಲೆಯೇ ಉಳಿಯುತ್ತದೆ.