ಪದಕ ತರುವುದು ದುಬಾರಿ ರೈಫಲ್ಲೇ? 10 ಮೀಟರ್ ಗುರಿಯ ಹಿಂದಿನ ಲೆಕ್ಕ

ರಿಯೋ ಒಲಿಂಪಿಕ್ಸ್, 2016ರ ಆಗಸ್ಟ್ 8. ಪುರುಷರ 10 ಮೀಟರ್ ಏರ್ ರೈಫಲ್ ಫೈನಲ್‌ನಲ್ಲಿ ಭಾರತದ ಅಭಿನವ್ ಬಿಂದ್ರಾ ಮತ್ತು ಉಕ್ರೇನಿನ ಸೆರ್ಹಿ ಕುಲಿಶ್ ಇಬ್ಬರ ಅಂಕವೂ 163.8. ಯಾರು ಮುಂದುವರಿಯಬೇಕು, ಯಾರು ನಾಲ್ಕನೇ ಸ್ಥಾನಕ್ಕೆ ನಿಲ್ಲಬೇಕು ಎಂದು ತೀರ್ಮಾನಿಸಲು ಇಬ್ಬರೂ ಇನ್ನೊಂದೊಂದು ಗುಂಡು ಹೊಡೆದರು. ಕುಲಿಶ್‌ಗೆ 10.5, ಬಿಂದ್ರಾಗೆ 10.0. ಗುರಿಫಲಕದ ಮೇಲೆ ಈ ಅರ್ಧ ಅಂಕದ ಅಂತರ ಸುಮಾರು ಒಂದೂಕಾಲು ಮಿಲಿಮೀಟರ್. ಅಕ್ಕಿಕಾಳಿನ ದಪ್ಪವೂ ಇಲ್ಲ.

ಇಷ್ಟು ಸಣ್ಣ ಅಂತರದಲ್ಲಿ ಪದಕ ನಿರ್ಧಾರವಾಗುವ ಆಟದಲ್ಲಿ ಉಪಕರಣದ ಬಗ್ಗೆ ತಲೆಕೆಡಿಸಿಕೊಳ್ಳುವುದು ಸಹಜ. ಮಗ ಅಥವಾ ಮಗಳು ಶೂಟಿಂಗ್ ರೇಂಜಿಗೆ ಹೋಗಲು ಶುರುಮಾಡಿದ ಕೆಲವೇ ತಿಂಗಳಿಗೆ ಅನೇಕ ಮನೆಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ: ಎರಡು-ಮೂರು ಲಕ್ಷ ರೂಪಾಯಿಯ ಜರ್ಮನ್ ರೈಫಲ್ ಕೊಡಿಸಿದರೆ ಅಂಕ ಏರುತ್ತದೆಯೇ? ಕೆಲವರು ಅದಕ್ಕಾಗಿ ಸಾಲವನ್ನೂ ಮಾಡುತ್ತಾರೆ. ಇದಕ್ಕೆ ಉತ್ತರವನ್ನು ಲೆಕ್ಕ ಹಾಕಿಯೇ ಹೇಳಬಹುದು.

ಹತ್ತು ಎಂದರೆ ಎಷ್ಟು ದೊಡ್ಡದು?

10 ಮೀಟರ್ ಏರ್ ರೈಫಲ್‌ನ ಗುರಿಫಲಕದ ಒಟ್ಟು ವ್ಯಾಸ 45.5 ಮಿ.ಮೀ. ಅದರ ನಡುವಿನ ಹತ್ತರ ಚುಕ್ಕಿಯ ವ್ಯಾಸ ಬರೀ 0.5 ಮಿ.ಮೀ. ಹಾರಿಬರುವ ಪೆಲೆಟ್‌ನ ವ್ಯಾಸ 4.5 ಮಿ.ಮೀ. ಅಂದರೆ ಗುರಿಗಿಂತ ಗುಂಡೇ ಒಂಬತ್ತು ಪಟ್ಟು ದೊಡ್ಡದು! ಪೆಲೆಟ್‌ನ ಅಂಚು ಆ ಚುಕ್ಕಿಯನ್ನು ಮುಟ್ಟಿದರೂ ಹತ್ತು ಸಿಗುತ್ತದೆ. ಆದ್ದರಿಂದ ಪೆಲೆಟ್‌ನ ಕೇಂದ್ರ ಗುರಿಯ ಕೇಂದ್ರದಿಂದ 2.5 ಮಿ.ಮೀ. ಒಳಗಿದ್ದರೆ ಸಾಕು. ಆದರೆ ಈಗ ಅಂಕ ಕೊಡುವುದು ದಶಮಾಂಶದಲ್ಲಿ. ಕೇಂದ್ರದಿಂದ ಪ್ರತಿ ಕಾಲು ಮಿ.ಮೀ. ದೂರಕ್ಕೆ 0.1 ಅಂಕ ಕಡಿತ. ಗರಿಷ್ಠ 10.9. ಅರ್ಹತಾ ಸುತ್ತಿನಲ್ಲಿ 60 ಗುಂಡು, ಒಟ್ಟು ಗರಿಷ್ಠ 654. ಅದರಲ್ಲಿ 630 ದಾಟಿದರೆ ಬಹಳ ಒಳ್ಳೆಯ ಸಾಧನೆ.

630 ಅಂದರೆ ಸರಾಸರಿ 10.5. ಅಂದರೆ ಉತ್ತಮ ಶೂಟರ್‌ನ ಗುಂಡುಗಳು ಕೇಂದ್ರದಿಂದ ಸರಾಸರಿ 1.1 ಮಿ.ಮೀ. ದೂರದಲ್ಲಿ ಬೀಳುತ್ತವೆ. ಈ ಸಂಖ್ಯೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ರೈಫಲ್ ಒಳಗೆ ಏನಾಗುತ್ತದೆ?

ಈಗಿನ ಸ್ಪರ್ಧಾ ಏರ್ ರೈಫಲ್‌ಗಳಲ್ಲಿ ಬ್ಯಾರೆಲ್‌ನ ಕೆಳಗೆ ಒಂದು ಸಿಲಿಂಡರ್ ಇರುತ್ತದೆ. ಅದರಲ್ಲಿ ಸಾಮಾನ್ಯವಾಗಿ 200 ಬಾರ್ ಒತ್ತಡದ ಗಾಳಿ. ಟ್ರಿಗರ್ ಎಳೆದಾಗ ಅದರಿಂದ ಅಳತೆಮಾಡಿದಷ್ಟು ಗಾಳಿ ಮಾತ್ರ ಹೊರಬಂದು ಪೆಲೆಟ್ಟನ್ನು ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ತಳ್ಳುತ್ತದೆ. ಹತ್ತು ಮೀಟರ್ ದಾಟಲು ಪೆಲೆಟ್‌ಗೆ 0.06 ಸೆಕೆಂಡ್ ಬೇಕು. ಅಷ್ಟರಲ್ಲಿ ಗುರುತ್ವಾಕರ್ಷಣೆ ಅದನ್ನು ಸುಮಾರು 17 ಮಿ.ಮೀ. ಕೆಳಗೆ ಎಳೆದಿರುತ್ತದೆ. ಇದು ಪ್ರತಿ ಸಲವೂ ಒಂದೇ ಆಗಿದ್ದರೆ ತೊಂದರೆಯಿಲ್ಲ, ಸೈಟನ್ನು ಅದಕ್ಕೆ ತಕ್ಕಂತೆ ಹೊಂದಿಸಿರುತ್ತಾರೆ. ಆದರೆ ವೇಗ ಶೇ 1ರಷ್ಟು ಬದಲಾದರೆ ಬೀಳುವ ದೂರ ಶೇ 2ರಷ್ಟು, ಅಂದರೆ ಸುಮಾರು 0.35 ಮಿ.ಮೀ. ಬದಲಾಗುತ್ತದೆ. ಅಲ್ಲಿಗೆ 0.1 ಅಂಕಕ್ಕಿಂತ ಹೆಚ್ಚು ಹೋಯಿತು!

ಸಿಲಿಂಡರ್‌ನಲ್ಲಿರುವ ಗಾಳಿ ಖರ್ಚಾಗುತ್ತಾ ಹೋದಂತೆ ಅದರ ಒತ್ತಡ ಇಳಿಯುತ್ತದೆ. ಆದರೂ ಮೊದಲ ಗುಂಡಿನ ವೇಗವೂ ಅರವತ್ತನೆಯ ಗುಂಡಿನ ವೇಗವೂ ಒಂದೇ ಇರಬೇಕು. ಇದನ್ನು ಸಾಧಿಸುವುದು ರೆಗ್ಯುಲೇಟರ್ ಎಂಬ ಪುಟ್ಟ ಭಾಗ, ಥೇಟ್ ನಮ್ಮ ಅಡುಗೆಮನೆಯ ಗ್ಯಾಸ್ ಸಿಲಿಂಡರ್ ಮೇಲೆ ಕೂರುವ ರೆಗ್ಯುಲೇಟರ್‌ನಂತೆ. ದುಬಾರಿ ರೈಫಲ್‌ನ ಬೆಲೆಯಲ್ಲಿ ದೊಡ್ಡ ಪಾಲು ಹೋಗುವುದು ಇಂಥ ಕಾಣದ ಕಡೆಗೆ: ರೆಗ್ಯುಲೇಟರ್, ಟ್ರಿಗರ್, ಬ್ಯಾರೆಲ್‌ನ ಒಳಮೈ. ಹೊರಗೆ ಕಾಣುವ ಬಣ್ಣ ಮತ್ತು ಹೊಳಪಿಗೂ ಒಂದಿಷ್ಟು ಹೋಗುತ್ತದೆ ಅನ್ನಿ.

ಬ್ಯಾರೆಲ್ ಉದ್ದವಾದಷ್ಟೂ ಗುರಿ ನಿಖರ ಎಂಬ ಮಾತು ಬಹಳ ಕೇಳುತ್ತದೆ. ಈ ರೈಫಲ್‌ಗಳಲ್ಲಿ ನಿಜವಾದ ಬ್ಯಾರೆಲ್ ಸಾಮಾನ್ಯವಾಗಿ 42 ಸೆಂಟಿಮೀಟರ್ ಆಸುಪಾಸು ಮಾತ್ರ. ಅದರಾಚೆ ಚಾಚಿಕೊಂಡಿರುವುದು ಬರೀ ಕೊಳವೆ. ಮುಂದಿನ ಸೈಟನ್ನು ಕಣ್ಣಿನಿಂದ ಇನ್ನಷ್ಟು ದೂರ ಇಡುವುದಷ್ಟೇ ಅದರ ಕೆಲಸ. ಎರಡು ಸೈಟ್‌ಗಳ ನಡುವಿನ ಅಂತರ ಹೆಚ್ಚಿದಷ್ಟೂ ಅವು ಒಂದೇ ನೇರಕ್ಕೆ ಇವೆಯೇ ಎಂಬುದು ಕಣ್ಣಿಗೆ ಚೆನ್ನಾಗಿ ತಿಳಿಯುತ್ತದೆ. ಆ ಅಂತರ 80 ಸೆಂಟಿಮೀಟರ್ ಇದ್ದರೂ, ಮುಂದಿನ ಸೈಟ್ ಕೂದಲೆಳೆಗಿಂತ ಕಡಿಮೆ, ಅಂದರೆ 0.02 ಮಿ.ಮೀ. ಸರಿದರೆ ಗುರಿಯಲ್ಲಿ 0.1 ಅಂಕ ಸರಿಯುತ್ತದೆ.

ಹಿಂದಿನ ಕಾಲದ ಸ್ಟಾಕ್‌ಗಳು ಮರದವು. ಮಂಗಳೂರಿನ ಮಳೆಗಾಲದಲ್ಲಿ ಬಾಗಿಲು ಉಬ್ಬಿಕೊಂಡು ಚಿಲಕ ಬೀಳದೇ ಹೋಗುವುದನ್ನು ಕಂಡವರಿಗೆ, ಈಗ ಹೆಚ್ಚಿನವರು ಅಲ್ಯೂಮಿನಿಯಂಗೆ ಹೋದದ್ದೇಕೆ ಎಂದು ವಿವರಿಸಬೇಕಿಲ್ಲ.

ದುರ್ಬೀನು ಇರುತ್ತದೆಯೇ?

ಇಲ್ಲ. ಸಿನಿಮಾದಲ್ಲಿ ಕಾಣುವ ಟೆಲಿಸ್ಕೋಪ್ ಒಲಿಂಪಿಕ್ ರೈಫಲ್ ಸ್ಪರ್ಧೆಗಳಲ್ಲಿ ನಿಷಿದ್ಧ. ಹಿಂದಿನ ಸೈಟ್ ಎಂದರೆ ನಡುವೆ ಸುಮಾರು ಒಂದು ಮಿ.ಮೀ. ತೂತಿರುವ ಒಂದು ಬಿಲ್ಲೆ. ಮುಂದಿನದು ಒಂದು ಉಂಗುರ. ಕಣ್ಣು ಏಕಕಾಲಕ್ಕೆ ಹತ್ತಿರದ್ದನ್ನೂ ದೂರದ್ದನ್ನೂ ಸ್ಪಷ್ಟವಾಗಿ ನೋಡಲಾರದು. ಆದರೆ ಸಣ್ಣ ತೂತಿನ ಮೂಲಕ ನೋಡಿದಾಗ ಎರಡೂ ಸಾಕಷ್ಟು ಸ್ಪಷ್ಟವಾಗುತ್ತವೆ. ಕನ್ನಡಕ ಮರೆತ ದಿನ ಬೆರಳುಗಳನ್ನು ಮಡಚಿ ಸಣ್ಣ ಸಂದಿಯಿಂದ ಬಸ್ಸಿನ ಬೋರ್ಡ್ ಓದಲು ಯತ್ನಿಸಿದವರಿಗೆ ಇದು ಗೊತ್ತಿರುತ್ತದೆ. ಶೂಟರ್ ಮಾಡಬೇಕಾದ್ದು ಉಂಗುರದ ನಡುವೆ ಗುರಿಯ ಕಪ್ಪು ವೃತ್ತವನ್ನು ಕೂರಿಸುವುದು. ಸುತ್ತಲಿನ ಬಿಳಿ ಅಂಚು ಎಲ್ಲ ಕಡೆ ಸಮ ಇದೆಯೇ ಎಂದು ಗುರುತಿಸುವುದರಲ್ಲಿ ನಮ್ಮ ಕಣ್ಣು ಅಚ್ಚರಿಪಡುವಷ್ಟು ಚುರುಕು.

ಒಂದು ಕಣ್ಣು ಮುಚ್ಚಿ ಗುರಿಯಿಡುವುದು ಕೂಡ ಸಿನಿಮಾದ ಅಭ್ಯಾಸವೇ. ಬಲವಂತವಾಗಿ ಕಣ್ಣು ಮುಚ್ಚಿದರೆ ಮುಖದ ಸ್ನಾಯುಗಳು ಬಿಗಿಯಾಗಿ ಇನ್ನೊಂದು ಕಣ್ಣೂ ಬೇಗ ದಣಿಯುತ್ತದೆ. ಆದ್ದರಿಂದ ಬಳಸದ ಕಣ್ಣಿನ ಮುಂದೆ ಸಣ್ಣ ಪಟ್ಟಿಯೊಂದನ್ನು ಇಟ್ಟುಕೊಂಡು ಎರಡನ್ನೂ ತೆರೆದೇ ಇರುತ್ತಾರೆ.

‘ಕಸ್ಟಮ್’ ಎಂದರೆ ದರ್ಜಿ ಕೆಲಸ

ತನಗಾಗಿಯೇ ತಯಾರಾದ ರೈಫಲ್ ಎಂದರೆ ಯಾವುದೋ ಗುಟ್ಟಿನ ಕಾರ್ಖಾನೆಯಲ್ಲಿ ಮಾಡಿಸಿಕೊಂಡದ್ದು ಎಂದು ಭಾವಿಸಬೇಡಿ. ಜರ್ಮನಿಯ ವಾಲ್ಥರ್, ಫೈನ್‌ವೆರ್ಕ್‌ಬೌ, ಆನ್‌ಶುಟ್ಸ್, ಆಸ್ಟ್ರಿಯಾದ ಸ್ಟೈಯರ್ ಮುಂತಾದ ಕಂಪನಿಗಳ ರೈಫಲ್‌ಗಳೇ ಬಹುತೇಕ ಎಲ್ಲರ ಕೈಯಲ್ಲಿ ಇರುವುದು. ವ್ಯತ್ಯಾಸ ಇರುವುದು ಹೊಂದಾಣಿಕೆಯಲ್ಲಿ. ಭುಜಕ್ಕೆ ತಾಗುವ ಭಾಗ, ಕೆನ್ನೆ ಒರಗುವ ಪಟ್ಟಿ, ಬಲಗೈ ಹಿಡಿ, ಎಡಗೈ ಮೇಲೆ ಕೂರುವ ಆಸರೆ ಎಲ್ಲವನ್ನೂ ಮೇಲೆ-ಕೆಳಗೆ, ಹಿಂದೆ-ಮುಂದೆ ಸರಿಸಬಹುದು, ಕೆಲವನ್ನು ತಿರುಗಿಸಲೂಬಹುದು. ರೆಡಿಮೇಡ್ ಅಂಗಿಯನ್ನು ದರ್ಜಿ ನಿಮ್ಮ ಮೈಗೆ ಸರಿಮಾಡಿಕೊಡುವಂಥ ಕೆಲಸ ಇದು.

ಏಕಿಷ್ಟು ಹೊಂದಾಣಿಕೆ? ನಿಯಮದ ಪ್ರಕಾರ ರೈಫಲ್ 5.5 ಕಿಲೋ ಮೀರುವಂತಿಲ್ಲ. ಐದು ಕಿಲೋ ಅಕ್ಕಿ ಚೀಲವನ್ನು ಎತ್ತಿಹಿಡಿದು ಒಂದು ನಿಮಿಷ ಅಲುಗಾಡದೆ ನಿಲ್ಲಲು ಪ್ರಯತ್ನಿಸಿ ನೋಡಿ. ಸ್ನಾಯುಗಳಿಂದ ಹಿಡಿದರೆ ಕೈ ನಡುಗಿಯೇ ನಡುಗುತ್ತದೆ. ಆದ್ದರಿಂದ ಶೂಟರ್ ಭಾರವನ್ನು ಮೂಳೆಗೆ ವಹಿಸುತ್ತಾರೆ: ಎಡ ಮೊಣಕೈ ಪಕ್ಕೆಗೆ ಅಥವಾ ಸೊಂಟದ ಮೂಳೆಗೆ ಆನಿಸಿ, ಬೆನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ, ಭಾರ ನೇರವಾಗಿ ಪಾದಕ್ಕೆ ಇಳಿಯುವಂತೆ ನಿಲ್ಲುತ್ತಾರೆ. ಈ ಭಂಗಿಯಲ್ಲಿ ಕಣ್ಣು ತಾನಾಗಿಯೇ ಸೈಟಿನ ತೂತಿನ ಹಿಂದೆ ಬರಬೇಕು. ಕತ್ತು ಬಾಗಿಸಿ ಕಣ್ಣನ್ನು ಅಲ್ಲಿಗೆ ಒಯ್ಯಬೇಕಾಗಿ ಬಂದರೆ ಕತ್ತಿನ ಸ್ನಾಯು ಬಿಗಿಯುತ್ತದೆ, ಒಳಕಿವಿಯಿಂದ ಬರುವ ಸಮತೋಲನದ ಸಂಕೇತವೂ ಏರುಪೇರಾಗುತ್ತದೆ. ಕೆನ್ನೆ ಪಟ್ಟಿಯನ್ನು ಕೆಲವೇ ಮಿ.ಮೀ. ಏರಿಸಿ ಇಳಿಸುವುದಕ್ಕೆ ತರಬೇತುದಾರರು ಅರ್ಧ ದಿನ ಕಳೆಯುವುದು ಇದಕ್ಕಾಗಿಯೇ.

ಹೊಂದಾಣಿಕೆ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಸರಳ ಪರೀಕ್ಷೆಯಿದೆ. ರೈಫಲ್ ಎತ್ತಿ ಗುರಿಯಿಟ್ಟು, ಕಣ್ಣು ಮುಚ್ಚಿ ಒಂದೆರಡು ಸಲ ಉಸಿರಾಡಿ, ಮತ್ತೆ ಕಣ್ಣು ತೆರೆಯುವುದು. ಸೈಟ್ ಇನ್ನೂ ಗುರಿಯ ಮೇಲೇ ಇದ್ದರೆ ಭಂಗಿ ಸರಿ. ಪಕ್ಕಕ್ಕೆ ಸರಿದಿದ್ದರೆ, ಅಷ್ಟು ಹೊತ್ತೂ ಸ್ನಾಯುಗಳು ರೈಫಲ್ಲನ್ನು ಒತ್ತಾಯದಿಂದ ಹಿಡಿದಿಟ್ಟಿದ್ದವು ಎಂದರ್ಥ. ಆಗ ಸರಿಪಡಿಸಬೇಕಾದ್ದು ಕೈಯನ್ನಲ್ಲ, ಪಾದ ಇಟ್ಟ ಜಾಗವನ್ನು.

ಬೆಳೆಯುವ ಮಕ್ಕಳ ವಿಷಯದಲ್ಲಿ ಇದು ಇನ್ನಷ್ಟು ಮುಖ್ಯ. ಹದಿಮೂರರ ಹುಡುಗಿಗೆ ಜೂನ್‌ನಲ್ಲಿ ಹೊಂದಿಸಿದ ರೈಫಲ್ ಡಿಸೆಂಬರ್ ಹೊತ್ತಿಗೆ ಗಿಡ್ಡವಾಗಿರುತ್ತದೆ, ಶಾಲೆಯ ಸಮವಸ್ತ್ರದ ಹಾಗೆ.

ಹಾಗಾದರೆ ದುಬಾರಿ ರೈಫಲ್‌ನಿಂದ ಎಷ್ಟು ಲಾಭ?

ಈಗ ಲೆಕ್ಕಕ್ಕೆ ಬರೋಣ. ರೈಫಲ್ಲನ್ನು ಕಬ್ಬಿಣದ ಹಿಡಿಕೆಗೆ ಬಿಗಿದು ಹಾರಿಸಿದರೂ ಗುಂಡುಗಳು ಸ್ವಲ್ಪ ಚದುರುತ್ತವೆ. ಅದು ಯಂತ್ರದ ತಪ್ಪು. ಮನುಷ್ಯ ಹಿಡಿದಾಗ ಅವರ ತಪ್ಪು ಬೇರೆ. ಇವೆರಡೂ ಒಂದಕ್ಕೊಂದು ನೇರವಾಗಿ ಕೂಡುವುದಿಲ್ಲ. ಪೈಥಾಗೊರಸ್ ಪ್ರಮೇಯದಂತೆ, ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯಬೇಕು.

ಉದಾಹರಣೆಗೆ, ಒಂದು ಸಾಧಾರಣ ರೈಫಲ್‌ನ ಚದುರುವಿಕೆ ಸರಾಸರಿ 0.8 ಮಿ.ಮೀ., ಉತ್ತಮವಾದದ್ದರದು 0.4 ಎಂದುಕೊಳ್ಳೋಣ. ಕಲಿಯುತ್ತಿರುವ ವಿದ್ಯಾರ್ಥಿಯ ಸ್ವಂತ ತಪ್ಪು 3 ಮಿ.ಮೀ. ಇರಲಿ. ಸಾಧಾರಣ ರೈಫಲ್‌ನಲ್ಲಿ ಒಟ್ಟು 3.10 ಮಿ.ಮೀ., ಉತ್ತಮ ರೈಫಲ್‌ನಲ್ಲಿ 3.03. ಅರವತ್ತು ಗುಂಡಿಗೆ ಸಿಗುವ ಲಾಭ ಎರಡು ಅಂಕಕ್ಕಿಂತ ಕಡಿಮೆ. 585 ಇದ್ದದ್ದು 587 ಆಗಬಹುದು. ಅದೇ 1.1 ಮಿ.ಮೀ. ತಪ್ಪಿನ ನುರಿತ ಶೂಟರ್ ಆದರೆ? 1.36ರಿಂದ 1.17ಕ್ಕೆ ಇಳಿಯುತ್ತದೆ. ಅಂದರೆ ನಾಲ್ಕೂವರೆ ಅಂಕ. ಆ ಮಟ್ಟದಲ್ಲಿ ಫೈನಲ್‌ನ ಎಂಟು ಜನರಲ್ಲಿ ಒಬ್ಬರಾಗುವುದಕ್ಕೂ ಮನೆಗೆ ಮರಳುವುದಕ್ಕೂ ನಡುವೆ ಅಷ್ಟೂ ಅಂತರವಿರುವುದಿಲ್ಲ.

ಹಾಗಾಗಿ ದುಬಾರಿ ರೈಫಲ್ ಕೆಟ್ಟ ಶೂಟರನ್ನು ಒಳ್ಳೆಯವರನ್ನಾಗಿ ಮಾಡುವುದಿಲ್ಲ, ಒಳ್ಳೆಯವರಿಗೇ ಅದರಿಂದ ಹೆಚ್ಚು ಲಾಭ. ಶುರುವಿನ ವರ್ಷಗಳಲ್ಲಿ ಅದೇ ಹಣವನ್ನು ಸರಿಯಾದ ಅಳತೆಯ ಜಾಕೆಟ್‌ಗೆ, ತರಬೇತಿಗೆ, ಪೆಲೆಟ್‌ಗೆ ಹಾಕುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಪೆಲೆಟ್ ಕೂಡ ಸಣ್ಣ ವಿಷಯವಲ್ಲ. ಅದರ ತಲೆಯ ವ್ಯಾಸ 4.49, 4.50, 4.51 ಹೀಗೆ ಬೇರೆಬೇರೆ ಅಳತೆಗಳಲ್ಲಿ ಸಿಗುತ್ತದೆ, ಪ್ರತಿ ಬ್ಯಾರೆಲ್‌ಗೂ ಯಾವುದೋ ಒಂದು ಹೆಚ್ಚು ಒಗ್ಗುತ್ತದೆ. ಕೆಲವು ಡಬ್ಬಿಗಳನ್ನು ಪರೀಕ್ಷಿಸಿ, ಗುಂಡುಗಳೆಲ್ಲ ಹೆಚ್ಚುಕಮ್ಮಿ ಒಂದೇ ತೂತಿನಲ್ಲಿ ಹೋಗುವಂಥದ್ದನ್ನು ಆರಿಸಿಕೊಂಡರೆ, ರೈಫಲ್ ಬದಲಿಸದೆಯೇ ಆ 0.8 ಸಾಕಷ್ಟು ಇಳಿಯಬಹುದು.

ಎದೆಬಡಿತ, ಮಾತ್ರೆ ಮತ್ತು ನಿಷೇಧ

ಐದು ಕಿಲೋ ರೈಫಲ್ಲನ್ನು ಎದೆಗೆ ಹತ್ತಿರ ಹಿಡಿದಾಗ ಹೃದಯದ ಬಡಿತವೂ ಸೈಟಿನಲ್ಲಿ ಕಾಣುತ್ತದೆ. ಬಡಿತವನ್ನು ನಿಧಾನಗೊಳಿಸಿ ಕೈನಡುಕ ತಗ್ಗಿಸುವ ಔಷಧಗಳಿವೆ. ರಕ್ತದೊತ್ತಡಕ್ಕೆ ವೈದ್ಯರು ಕೊಡುವ ಬೀಟಾ ಬ್ಲಾಕರ್‌ಗಳು ಅವು. ಶೂಟಿಂಗ್‌ನಲ್ಲಿ ಇವು ಸ್ಪರ್ಧೆಯ ದಿನವಷ್ಟೇ ಅಲ್ಲ, ಉಳಿದ ದಿನಗಳಲ್ಲೂ ನಿಷಿದ್ಧ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಪಿಸ್ತೂಲು ಶೂಟರ್ ಕಿಮ್ ಜೊಂಗ್-ಸು ತಮ್ಮ ಬೆಳ್ಳಿ, ಕಂಚು ಎರಡನ್ನೂ ಕಳೆದುಕೊಂಡದ್ದು ಪ್ರೊಪ್ರನೊಲಾಲ್ ಎಂಬ ಇಂಥದ್ದೇ ಔಷಧದಿಂದ. ಮನೆಯಲ್ಲಿ ಅಜ್ಜನಿಗೆಂದು ತಂದ ಮಾತ್ರೆಯನ್ನು ‘ಪರೀಕ್ಷೆಯ ಭಯಕ್ಕೆ ಒಳ್ಳೆಯದು’ ಎಂದು ಮಕ್ಕಳಿಗೆ ಕೊಡುವ ಯೋಚನೆಯೂ ಬೇಡ. ಆಸ್ತಮಾ ಇರುವವರಿಗೆ ಅದು ಅಪಾಯಕಾರಿ ಕೂಡ.

ಸೆಕೆಂಡ್ ಹ್ಯಾಂಡ್ ಕೊಳ್ಳುವ ಮುನ್ನ

ಹಳೆಯ ರೈಫಲ್ ಕೊಳ್ಳುವುದು ತಪ್ಪಲ್ಲ, ಹಲವರು ಶುರುಮಾಡುವುದೇ ಹಾಗೆ. ಆದರೆ ಮೊದಲು ನೋಡಬೇಕಾದ್ದು ಬ್ಯಾರೆಲ್ಲನ್ನಲ್ಲ, ಸಿಲಿಂಡರ್ ಮೇಲೆ ಕೆತ್ತಿರುವ ದಿನಾಂಕವನ್ನು. ಹೆಚ್ಚಿನ ತಯಾರಕರು ಸಿಲಿಂಡರ್‌ಗೆ ಕೊಡುವ ಅವಧಿ 10 ವರ್ಷ. 200 ಬಾರ್ ಎಂದರೆ ಕಾರಿನ ಟೈರಿನಲ್ಲಿರುವ ಒತ್ತಡದ ಸುಮಾರು ನೂರು ಪಟ್ಟು. ಅವಧಿ ಮುಗಿದ ಸಿಲಿಂಡರ್‌ಗೆ ಗಾಳಿ ತುಂಬುವುದು ಮುಖದ ಪಕ್ಕದಲ್ಲಿ ಅಪಾಯ ಇಟ್ಟುಕೊಂಡಂತೆ. ಸ್ಪರ್ಧೆಯ ನಿಯಮಗಳ ಪ್ರಕಾರವೂ ಅವಧಿಯೊಳಗಿನ ಸಿಲಿಂಡರ್ ಬಳಸುವುದು ಸ್ಪರ್ಧಿಯದೇ ಹೊಣೆ. ಹೊಸ ಸಿಲಿಂಡರ್‌ನ ಬೆಲೆಯನ್ನೂ ಸೇರಿಸಿ ವ್ಯಾಪಾರ ಮಾಡಿ.

ಇನ್ನು ಕಾನೂನು. ಸ್ಪರ್ಧೆಯಲ್ಲಿ ಬಳಸುವ 4.5 ಮಿ.ಮೀ. ಏರ್ ರೈಫಲ್‌ಗಳ ಶಕ್ತಿ ಸುಮಾರು ಏಳೂವರೆ ಜೂಲ್. 2016ರ ಶಸ್ತ್ರಾಸ್ತ್ರ ನಿಯಮಗಳು ಪರವಾನಗಿಯಿಂದ ವಿನಾಯಿತಿಗೆ ಇಟ್ಟಿರುವ 20 ಜೂಲ್ ಮಿತಿಗಿಂತ ಇದು ಬಹಳ ಕಡಿಮೆ. ಆದರೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ಸ್ಪರ್ಧೆಯ ರೈಫಲ್ ಮದ್ದಿನ ಗುಂಡಿನದು. ಅದಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಬೇಕೇ ಬೇಕು. ಅಂಥ ಬಂದೂಕಿನ ಬಿಡಿಭಾಗ ತರಿಸಿ ಮನೆಯಲ್ಲಿ ಜೋಡಿಸುವುದು ಹವ್ಯಾಸವಲ್ಲ, ಅಪರಾಧ. ಏರ್ ರೈಫಲ್‌ನ ರೆಗ್ಯುಲೇಟರ್ ಬಿಚ್ಚಿ ‘ಪವರ್ ಹೆಚ್ಚಿಸುವ’ ವಿಡಿಯೊಗಳನ್ನೂ ನಂಬಬೇಡಿ. ಹತ್ತು ಮೀಟರ್ ದೂರದ ಕಾಗದ ತೂತು ಮಾಡಲು ಏಳೂವರೆ ಜೂಲ್ ಧಾರಾಳ ಸಾಕು.